ಹೊಗೆಸೊಪ್ಪಿನ ಸೀಮೆಯಲ್ಲಿ

ಅಮೆರಿಕದಲ್ಲಿ ಇಂಗ್ಲಿಷರ ಮೊದಲ ಕಾಯಂ ನೆಲೆಯಾದ, ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ನೆಲದ ಮೇಲೆ ನೋಡುವಂಥದ್ದು ಹೆಚ್ಚೇನೂ ಇಲ್ಲ. ಹದಿನೇಳನೆಯ ಶತಮಾನದ ಒಂದು ಇಟ್ಟಿಗೆಯ ಚರ್ಚ್ ಗೋಪುರ, ಒಂದೆರಡು ಪ್ರತಿಮೆ, ಮರದ ಗೂಟಗಳ ಬೇಲಿ, ಅದರಾಚೆ ದಡ ಕಾಣದಷ್ಟು ಅಗಲವೆನಿಸುವ ಜೇಮ್ಸ್ ನದಿ. ಉಳಿದದ್ದೆಲ್ಲ ಮಣ್ಣಿನೊಳಗೆ. 1607ರ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ 104 ಮಂದಿ ಗಂಡಸರೂ ಹುಡುಗರೂ ಕಟ್ಟಿಕೊಂಡ ಕೋಟೆಯನ್ನು ನದಿ ಎಂದೋ ಕೊರೆದು ನುಂಗಿತು ಎಂದೇ ಬಹುಕಾಲ ನಂಬಿದ್ದರು. 1994ರಲ್ಲಿ ವಿಲಿಯಂ ಕೆಲ್ಸೋ ಎಂಬ ಪುರಾತತ್ವಜ್ಞರು ಅಗೆಯಲು ಶುರುಮಾಡಿದರು. ನೆಟ್ಟ ಗೂಟ ಕೊಳೆತು ಹೋದಲ್ಲಿ ಮಣ್ಣಿನ ಬಣ್ಣ ಬೇರೆಯಾಗಿ ಉಳಿಯುತ್ತದೆ. ಆ ಕಪ್ಪು ಕಲೆಗಳ ಸಾಲು ಹಿಡಿದು ಹೋಗಿ ತ್ರಿಕೋನಾಕಾರದ ಕೋಟೆಯನ್ನೇ ಹುಡುಕಿ ತೆಗೆದರು. ಈಗಿನ ಬೇಲಿ ನಿಂತಿರುವುದು ಆ ಕಲೆಗಳ ಮೇಲೆಯೇ.

ನನ್ನ ಜೊತೆಗಿದ್ದವರು ಭಾವ. ಪಿರಿಯಾಪಟ್ಟಣದ ಕಡೆಯವರು, ಜೀವಮಾನವಿಡೀ ವರ್ಜೀನಿಯಾ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದ ಮಾಡಿ, ಹರಾಜು ಮಾರುಕಟ್ಟೆಯಲ್ಲಿ ಬೇಲ್ ಇಟ್ಟುಕೊಂಡು ಕಾದವರು. ಈಗ ಮಗಳ ಮನೆ ಇರುವುದು ಅದೇ ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ನಯಾಗರಾ ತೋರಿಸುತ್ತೇವೆ ಎಂದರೆ, "ನೀರು ಬೀಳೋದು ಊರಲ್ಲೇ ನೋಡಿದೀನಿ, ಚುಂಚನಕಟ್ಟೇಲಿ. ಈ ಸೊಪ್ಪು ಹುಟ್ಟಿದ ಜಾಗ ಎಲ್ಲೈತೆ ತೋರ್ಸಿ" ಎಂದರು. ಹಾಗೆ ಹೊರಟದ್ದು ನಾವು.

ಸೊಪ್ಪಿನ ಕಥೆಗೆ ಮೊದಲು ಹಸಿವಿನ ಕಥೆ. ಇಲ್ಲಿಗೆ ಜನ ಕಳಿಸಿದ್ದು ರಾಜನಲ್ಲ, ಲಂಡನ್ನಿನ ವರ್ಜೀನಿಯಾ ಕಂಪನಿ. ಷೇರು ಕೊಂಡವರಿಗೆ ಚಿನ್ನ ಬೇಕಿತ್ತು, ಚಿನ್ನ ಸಿಗಲಿಲ್ಲ. ಬಂದವರಲ್ಲಿ ನೇಗಿಲು ಹಿಡಿಯುವವರಿಗಿಂತ ದೊಡ್ಡ ಮನೆತನದ ಹೆಸರು ಹೇಳಿಕೊಳ್ಳುವವರೇ ಜಾಸ್ತಿ. ಕುಡಿಯಲು ಉಪ್ಪು ಬೆರೆತ ನೀರು. ಇದರ ಮೇಲೆ ಬರ. ಇಲ್ಲಿನ ಹಳೆಯ ಸೈಪ್ರೆಸ್ ಮರಗಳ ಉಂಗುರ ಎಣಿಸಿದ ವಿಜ್ಞಾನಿಗಳ ಪ್ರಕಾರ, 1606ರಿಂದ 1612ರವರೆಗಿನ ಒಣ ವರ್ಷಗಳಂಥವು 770 ವರ್ಷಗಳಲ್ಲೇ ಇನ್ನೊಂದು ಸಲ ಬಂದಿರಲಿಲ್ಲ. ಇಲ್ಲಿನ ಮೂಲನಿವಾಸಿಗಳಾದ ಪೌಹಟನ್ ಒಕ್ಕೂಟದವರ ಮನೆಯಲ್ಲೇ ಮುಸುಕಿನ ಜೋಳ ಸಾಲದಿರುವಾಗ ಈ ಹೊಸಬರು ಬಂದೂಕು ತೋರಿಸಿ ಜೋಳ ಕೇಳುತ್ತಿದ್ದರು. 1609-10ರ ಚಳಿಗಾಲದಲ್ಲಿ ಪೌಹಟನ್ನರು ಕೋಟೆಯನ್ನು ಸುತ್ತುವರಿದರು. ಸುಮಾರು 300 ಜನರಲ್ಲಿ ವಸಂತಕ್ಕೆ ಉಳಿದವರು 60ರ ಆಸುಪಾಸು.

ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಒಂದು ಹುಡುಗಿಯ ಮುಖವಿದೆ. ತಿಪ್ಪೆಗುಂಡಿಯಲ್ಲಿ ಕುದುರೆ, ನಾಯಿಗಳ ಮೂಳೆಯ ಜೊತೆ ಸಿಕ್ಕ ತಲೆಬುರುಡೆಯಿಂದ ಕಟ್ಟಿದ ಮುಖ. ಹದಿನಾಲ್ಕರ ವಯಸ್ಸು. ಬುರುಡೆಯ ಮೇಲಿನ ಕತ್ತಿಯ ಗುರುತು ನೋಡಿ, ಸತ್ತ ಮೇಲೆ ಅವಳ ಮಾಂಸ ತಿಂದಿದ್ದಾರೆ ಎಂದು ಸ್ಮಿತ್‌ಸೋನಿಯನ್ ಸಂಸ್ಥೆಯ ತಜ್ಞರು 2013ರಲ್ಲಿ ಹೇಳಿದರು. ನಿಜವಾದ ಹೆಸರು ಗೊತ್ತಿಲ್ಲದ್ದರಿಂದ ಜೇನ್ ಎಂದು ಕರೆದಿದ್ದಾರೆ. ದೇಶದ ಹುಟ್ಟಿನ ಕಥೆ ಹೇಳುವ ಜಾಗದಲ್ಲಿ ಇದನ್ನು ಮುಚ್ಚಿಡದೆ ಗಾಜಿನೊಳಗೆ ಇಟ್ಟಿರುವುದು ನನಗೆ ದೊಡ್ಡ ಮಾತಾಗಿ ಕಂಡಿತು.

ಕಂಪನಿಯನ್ನು ಉಳಿಸಿದ್ದು ಜಾನ್ ರಾಲ್ಫ್. ಸ್ಥಳೀಯ ಹೊಗೆಸೊಪ್ಪು ಬಹಳ ಖಾರ, ಲಂಡನ್ನಿನವರಿಗೆ ಹಿಡಿಸದು. ಆತ ಕೆರಿಬಿಯನ್ ಕಡೆಯ ಬೀಜ ತರಿಸಿ ಬೆಳೆದು, 1614ರ ವೇಳೆಗೆ ಹಡಗಿಗೆ ಹಾಕಿದ. ಅದೇ ವರ್ಷ ಪೌಹಟನ್ ದೊರೆಯ ಮಗಳು ಪೊಕಹಾಂಟಸ್ ಜೊತೆ ಮದುವೆ. ಮೂರು ವರ್ಷಕ್ಕೆ ಅವಳು ಇಂಗ್ಲೆಂಡಿನಲ್ಲೇ ತೀರಿಕೊಂಡಳು. ಸೊಪ್ಪು ಮಾತ್ರ ಹಬ್ಬಿತು. 1617ರಲ್ಲಿ ಬಂದ ಅಧಿಕಾರಿಗೆ ಕಂಡದ್ದು ಕುಸಿದ ಮನೆಗಳು, ಮುರಿದ ಬೇಲಿ, ಬೀದಿಯಲ್ಲೂ ಸಂತೆಮಾಳದಲ್ಲೂ ನೆಟ್ಟ ಹೊಗೆಸೊಪ್ಪು!

1619ರ ಜುಲೈ 30ರಂದು ಇಲ್ಲಿನ ಚರ್ಚಿನಲ್ಲಿ ಜನಪ್ರತಿನಿಧಿಗಳ ಮೊದಲ ಸಭೆ ಸೇರಿತು. ಅಮೆರಿಕದ ಪ್ರಜಾಪ್ರಭುತ್ವಕ್ಕೆ ಬುನಾದಿ ಎಂದು ಗೈಡ್ ಎದೆಯುಬ್ಬಿಸಿ ಹೇಳುತ್ತಾರೆ. ಆ ಸಭೆ ಮೊದಮೊದಲು ಕೈಗೆತ್ತಿಕೊಂಡದ್ದರಲ್ಲಿ ಒಂದು ಹೊಗೆಸೊಪ್ಪಿನ ದರ. ಒಳ್ಳೆಯ ಸೊಪ್ಪಿಗೆ ಪೌಂಡಿಗೆ ಮೂರು ಶಿಲಿಂಗ್, ಎರಡನೆಯ ದರ್ಜೆಗೆ ಅದರರ್ಧ. ಭಾವನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. "ಆಗ್ಲೇ ಗ್ರೇಡ್ ಮಾಡ್ತಿದ್ರಾ? ಲೋ ಗ್ರೇಡ್‌ಗೆ ಅರ್ಧನಾದ್ರೂ ಕೊಟ್ರಲ್ಲ, ಪುಣ್ಯಾತ್ಮರು" ಎಂದು ಅವರು ನಕ್ಕದ್ದಕ್ಕೆ ಗುಂಪಿನವರೆಲ್ಲ ತಿರುಗಿ ನೋಡಿದರು.

ಅದಾಗಿ ಕೆಲವೇ ವಾರಕ್ಕೆ, ನದಿ ಕಡಲು ಸೇರುವ ಪಾಯಿಂಟ್ ಕಂಫರ್ಟಿನಲ್ಲಿ ವೈಟ್ ಲಯನ್ ಎಂಬ ಹಡಗು ಅಂಗೋಲದಿಂದ ಹಿಡಿದು ತಂದ ಇಪ್ಪತ್ತು ಚಿಲ್ಲರೆ ಜನರನ್ನು ಇಳಿಸಿ, ಬದಲಿಗೆ ಆಹಾರ ತುಂಬಿಕೊಂಡು ಹೋಯಿತು. ಆಳು ತಂದವನಿಗೆ ತಲೆಗೆ 50 ಎಕರೆ ಎಂಬ ಕಾಯಿದೆ ಅಷ್ಟರಲ್ಲೇ ಬಂದಿತ್ತು. 1635ರಲ್ಲಿ ಜಾರ್ಜ್ ಮೆನೆಫೀ ಎಂಬ ವ್ಯಾಪಾರಿ ಹಾಗೆ ಭೂಮಿ ಪಡೆದ ಪಟ್ಟಿಯಲ್ಲಿ 'ಟೋನಿ, ಈಸ್ಟ್ ಇಂಡಿಯನ್' ಎಂದಿದೆ. ನಮ್ಮ ಕಡೆಯಿಂದ ಕಡಲು ದಾಟಿ ಬಂದ ಈ ಮನುಷ್ಯನಿಗೆ ಆ ಪಟ್ಟಿಯಲ್ಲಿ ಊರಿಲ್ಲ, ಅಪ್ಪನ ಹೆಸರಿಲ್ಲ. 50 ಎಕರೆಗೆ ಒಂದು ತಲೆ, ಅಷ್ಟೇ.

ಹೊಗೆಸೊಪ್ಪು ಮೂರು ನಾಲ್ಕು ಬೆಳೆಗೆ ನೆಲದ ಸತ್ವ ಹೀರಿಬಿಡುತ್ತದೆ. ಗೊಬ್ಬರ ಹಾಕುವ ಗೋಜಿಗಿಂತ ಹೊಸ ನೆಲ ಹಿಡಿಯುವುದೇ ಸಸ್ತಾ. ಬೇರೆಯವರ ನೆಲವಾದರೇನು, ನದಿ ಹಿಡಿದು ಮೇಲೆ ಮೇಲೆ ಹೋದರು. 1622ರಲ್ಲಿ ಒಪೆಚಾಂಕನಾ ಮುಂದಾಳತ್ವದಲ್ಲಿ ಪೌಹಟನ್ನರು ಒಂದೇ ದಿನ 347 ವಲಸಿಗರನ್ನು ಕೊಂದರು. ಎರಡು ವರ್ಷಕ್ಕೆ ಕಂಪನಿಯ ಸನ್ನದು ರದ್ದಾಯಿತು. ನೆಲದ ಹಸಿವು ನಿಲ್ಲಲಿಲ್ಲ. 1763ರಲ್ಲಿ ಬ್ರಿಟಿಷ್ ರಾಜ ಅಪಲೇಚಿಯನ್ ಬೆಟ್ಟದಾಚೆ ಯಾರೂ ನೆಲೆಸಕೂಡದು ಎಂದು ಗೆರೆ ಎಳೆದಾಗ ಸಿಟ್ಟಾದವರಲ್ಲಿ ಆಚೆಯ ಭೂಮಿಯ ಮೇಲೆ ಕಣ್ಣಿಟ್ಟಿದ್ದ ಜಾರ್ಜ್ ವಾಷಿಂಗ್ಟನ್ನೂ ಒಬ್ಬ. 1803ರಲ್ಲಿ ಫ್ರಾನ್ಸಿನಿಂದ ಲೂಸಿಯಾನ ಸೀಮೆಯನ್ನೇ ಕೊಂಡ ಅಧ್ಯಕ್ಷ ಜೆಫರ್ಸನ್, ಅದನ್ನು ನೋಡಿ ಬರಲು ಆತ ಕಳಿಸಿದ ಲೂಯಿಸ್ ಮತ್ತು ಕ್ಲಾರ್ಕ್, ಮೂವರೂ ವರ್ಜೀನಿಯಾದವರೇ. ಪಶ್ಚಿಮಕ್ಕೆ ಹೋದ ದಾರಿ ಈ ಸೊಪ್ಪಿನ ಹೊಲಗಳಿಂದಲೇ ಹೊರಟದ್ದು ಎಂದು ನನಗನ್ನಿಸುತ್ತದೆ.

ಮುಂದೆ ವಿಲಿಯಮ್ಸ್‌ಬರ್ಗ್, 1699ರಿಂದ 1780ರವರೆಗಿನ ವರ್ಜೀನಿಯಾದ ರಾಜಧಾನಿ. ಕೋಟ್ಯಧೀಶ ರಾಕ್‌ಫೆಲ್ಲರ್ ಹಣದಲ್ಲಿ ಕಳೆದ ಶತಮಾನದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ ಊರು. ಕುದುರೆಗಾಡಿ, ಕಮ್ಮಾರಸಾಲೆ, ಗೌನು ತೊಟ್ಟು ಹಳೆಯ ಕಾಲದ ಇಂಗ್ಲಿಷ್ ಮಾತಾಡುವ ಹೆಂಗಸರು. ಎಲ್ಲ ಚೆಂದ, ಸ್ವಲ್ಪ ಜಾಸ್ತಿಯೇ ಚೆಂದ. ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕರಿಯರು ಎಂಬುದು ಬೀದಿಯ ಈ ಥಳಕಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕರಿಯರ ಮಕ್ಕಳಿಗಾಗಿ 1760ರಲ್ಲಿ ತೆರೆದ ಬ್ರೇ ಶಾಲೆಯ ಕಟ್ಟಡವನ್ನು ಗುರುತಿಸಿ ಈಚೆಗೆ ಇಲ್ಲಿಗೆ ಸಾಗಿಸಿದ್ದಾರೆ. ನನಗೆ ಇಷ್ಟವಾದದ್ದು ಅದೊಂದೇ.

ಅಲ್ಲಿಂದ ಯಾರ್ಕ್‌ಟೌನಿಗೆ ಹೋಗುವ ರಸ್ತೆ ಸೊಗಸು. ಲಾರಿ ಬಿಡುವುದಿಲ್ಲ, ನದಿಯ ಬೆಣಚುಕಲ್ಲು ಕಾಣುವಂತೆ ಹಾಕಿದ ಕಾಂಕ್ರೀಟು, ಎರಡೂ ಕಡೆ ಕಾಡು. ಯಾರ್ಕ್‌ಟೌನಿನ ವಸ್ತುಸಂಗ್ರಹಾಲಯದ ಹೊಲದಲ್ಲಿ ಹಳೆಯ ಮಾದರಿಯ ಒಂದು ಸೊಪ್ಪಿನ ಕೊಟ್ಟಿಗೆ ಇದೆ. ಭಾವ ಒಳಹೊಕ್ಕವರು ಬೇಗ ಹೊರಬರಲಿಲ್ಲ. ಇಲ್ಲಿ ಬೆಂಕಿಯಿಲ್ಲ, ಗಾಳಿಗೆ ತೂಗುಹಾಕಿ ಒಣಗಿಸುವುದು. "ನಮ್ದು ಹಿಂಗಲ್ಲ, ಕೊಳವೇಲಿ ಬಿಸಿ ಹಾಯ್ಸಿ ಹಳದಿ ಮಾಡ್ಬೇಕು" ಎಂದು ಅಲ್ಲಿದ್ದ ತರುಣನಿಗೆ ಕನ್ನಡದಲ್ಲೇ ವಿವರಿಸಿದರು. ಸೊಪ್ಪು ಹಳದಿ ಬರುವಂತೆ ಬೇಯಿಸುವ ಹದ 1839ರಲ್ಲಿ ಉತ್ತರ ಕ್ಯಾರೊಲಿನಾದ ಸ್ಟೀಫನ್ ಎಂಬ ಗುಲಾಮನ ಕೈಗೆ ಹತ್ತಿತು ಎನ್ನುತ್ತಾರೆ. ನಮ್ಮ ಹುಣಸೂರು ಸೀಮೆಯ ಬ್ಯಾರನ್‌ಗಳು ಆ ವಿದ್ಯೆಯ ಮಕ್ಕಳು.

ಯಾರ್ಕ್‌ಟೌನ್ ಎಂದರೆ ಕಾರ್ನ್‌ವಾಲಿಸ್, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಸೇನಾಪತಿ. ಕಡಲ ದಾರಿಯನ್ನು ಫ್ರೆಂಚ್ ನೌಕಾಪಡೆ ಕಟ್ಟಿತ್ತು, ನೆಲದ ಮೇಲೆ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಶಂಬೊ ಕಂದಕ ತೋಡಿ ದಿನದಿನಕ್ಕೆ ಹತ್ತಿರವಾದರು. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನೆ ಶರಣಾಯಿತು. ಕಾಯಿಲೆಯ ನೆವ ಹೇಳಿ ಕಾರ್ನ್‌ವಾಲಿಸ್ ಬರಲಿಲ್ಲ, ಕತ್ತಿ ಕೊಟ್ಟು ತನ್ನ ಕೈಕೆಳಗಿನ ಅಧಿಕಾರಿ ಒ'ಹಾರಾನನ್ನು ಕಳಿಸಿದ. ಸೋತವನಿಗೆ ಇಂಗ್ಲೆಂಡಿನಲ್ಲಿ ಶಿಕ್ಷೆಯೇನೂ ಆಗಲಿಲ್ಲ, 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಳಾಗಿ ಇಬ್ಬರು ಮಕ್ಕಳನ್ನು ಬರೆಸಿಕೊಂಡ. "ಇವನೇನಾ ಅವ್ನು!" ಎಂದು ಭಾವ ಬಯಲನ್ನು ಇನ್ನೊಂದು ಸಲ ದಿಟ್ಟಿಸಿದರು.

ಬ್ರಿಟಿಷರ ಕಡೆ ಬಂದರೆ ಬಿಡುಗಡೆ ಎಂದು ನಂಬಿ ಹೊಗೆಸೊಪ್ಪಿನ ಹೊಲಗಳಿಂದ ಓಡಿಬಂದ ನೂರಾರು ಗುಲಾಮರೂ ಯಾರ್ಕ್‌ಟೌನಿನ ಬ್ರಿಟಿಷ್ ಪಾಳೆಯದೊಳಗಿದ್ದರು. ದವಸ ಮುಗಿಯುತ್ತ ಬಂದಾಗ, ಸಿಡುಬು ಹತ್ತಿದವರನ್ನೂ ಸೇರಿಸಿ, ಕಾರ್ನ್‌ವಾಲಿಸ್ ಅವರನ್ನು ಹೊರಗಟ್ಟಿದ. ಶರಣಾಗತಿ ಪತ್ರದ ನಾಲ್ಕನೆಯ ಕಲಮಿನಲ್ಲಿ, ಸೈನಿಕರ ಕೈಯಲ್ಲಿರುವ ಇಲ್ಲಿನ ನಿವಾಸಿಗಳ 'ಸ್ವತ್ತನ್ನು' ವಾರಸುದಾರರು ಹಿಂದಕ್ಕೆ ಕೇಳಬಹುದು ಎಂದಿತ್ತು. ಸ್ವತ್ತೆಂದರೆ ಈ ಜನವೂ ಸೇರಿತು. ಕಾರ್ನ್‌ವಾಲಿಸ್‌ನ ಪಾಳೆಯದಲ್ಲಿದ್ದುಕೊಂಡೇ ಅಮೆರಿಕದ ಕಡೆಯ ಫ್ರೆಂಚ್ ಸೇನಾನಿ ಲಫಾಯೆಟ್ ಪರವಾಗಿ ಬೇಹುಗಾರಿಕೆ ಮಾಡಿದ ಜೇಮ್ಸ್ ಎಂಬ ಗುಲಾಮನೂ ಯುದ್ಧ ಗೆದ್ದ ಮೇಲೆ ಗುಲಾಮನಾಗಿಯೇ ಉಳಿದ. ಶಾಸನಸಭೆಗೆ ಅರ್ಜಿ ಹಾಕಿ ಹಾಕಿ 1787ರಲ್ಲಿ ಬಿಡುಗಡೆ ಪಡೆದು, ಜೇಮ್ಸ್ ಲಫಾಯೆಟ್ ಎಂದು ಹೆಸರಿಟ್ಟುಕೊಂಡು ನ್ಯೂ ಕೆಂಟ್ ಕೌಂಟಿಯಲ್ಲಿ ಬೇಸಾಯ ಮಾಡಿಕೊಂಡಿದ್ದ. ರಿಚ್ಮಂಡಿಗೆ ವಾಪಸು ಹೋಗುವ ಹೆದ್ದಾರಿ ಅದೇ ಕೌಂಟಿಯನ್ನು ಹಾಯುತ್ತದೆ. ಹಸಿರು ಫಲಕ ಕಂಡಾಗ ಭಾವನಿಗೆ ತೋರಿಸಿದೆ. ಅವನೂ ಸೊಪ್ಪೇ ಬೆಳೀತಿದ್ನಾ ಎಂದು ಕೇಳಿದರು.