ಸುರಂಗದ ಭಯಕ್ಕೊಂದು ಮದ್ದು, ರಕ್ತದ ಭಯಕ್ಕೆ ಇನ್ನೊಂದು

ನಮ್ಮ ಪೆರ್ಲದ ಕಡೆಯ ಅನೇಕ ಅಡಿಕೆ ತೋಟಗಳಿಗೆ ನೀರು ಬರುವುದು ಸುರಂಗದಿಂದ. ಗುಡ್ಡದ ಬದಿಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ದಾರಿ ಮಾಡಿ, ಒಳಗೆ ಒಸರುವ ನೀರನ್ನು ತೊಟ್ಟಿಗೆ ಹರಿಸುತ್ತಾರೆ. ಆಗಾಗ ಯಾರಾದರೂ ಒಳಹೊಕ್ಕು ಹೂಳು ತೆಗೆಯಬೇಕು. ವಯಸ್ಸು 38 ಆಗುವವರೆಗೂ ನಾನು ಆ ಕೆಲಸವನ್ನು ಆಳುಗಳಿಗೆ ಒಪ್ಪಿಸಿ, ಸೊಂಟನೋವಿನ ನೆಪ ಹೇಳುತ್ತ ಬಂದವನು.

ಹತ್ತು ವರ್ಷದ ಹುಡುಗನಾಗಿದ್ದಾಗ ದೊಡ್ಡಪ್ಪನ ಮಗ "ಏನೂ ಆಗುವುದಿಲ್ಲ ಮಾರಾಯ" ಎಂದು ನನ್ನನ್ನು ಒಳಗೆ ದೂಡಿ, ಬಾಯಿಗೆ ಅಡ್ಡ ನಿಂತಿದ್ದ. ವರ್ತನಾ ಚಿಕಿತ್ಸೆಯಲ್ಲಿ ಫ್ಲಡಿಂಗ್ ಎಂಬ ಕ್ರಮವೊಂದಿದೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಅವನೇ. ಆದರೆ ಎರಡೂ ಒಂದಲ್ಲ. ಫ್ಲಡಿಂಗಿನಲ್ಲಿ ರೋಗಿ ಒಪ್ಪಿಕೊಂಡೇ ಅತಿ ಹೆಚ್ಚು ಭಯ ಹುಟ್ಟಿಸುವ ಸನ್ನಿವೇಶಕ್ಕೆ ನೇರವಾಗಿ ಇಳಿದು, ಭಯ ಏರಿ ತಾನಾಗಿ ಇಳಿಯುವವರೆಗೆ ಅಲ್ಲಿಯೇ ಉಳಿಯುತ್ತಾನೆ. ನಾನು ಭಯ ನೆತ್ತಿಗೇರಿದ್ದಾಗಲೇ ಅವನ ಕಾಲ ಸಂದಿಯಿಂದ ನುಸುಳಿ ಓಡಿದೆ. ಓಡಿದ್ದರಿಂದ ಸಿಕ್ಕಿದ ನೆಮ್ಮದಿಯೇ ಮುಂದಿನ 28 ವರ್ಷ ಆ ಭಯಕ್ಕೆ ಗೊಬ್ಬರವಾಯಿತು.

ಮಂಗಳೂರಿನ ಮನಶ್ಶಾಸ್ತ್ರಜ್ಞೆಯೊಬ್ಬರು ಮೊದಲು ನನಗೆ ಮಾಡಿಸಿದ್ದು ಸಿಸ್ಟಮ್ಯಾಟಿಕ್ ಡಿಸೆನ್ಸಿಟೈಸೇಷನ್. ದಕ್ಷಿಣ ಆಫ್ರಿಕದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಸಿದ್ಧವಾದ ಈ ಕ್ರಮದ ತರ್ಕ ಸರಳ: ದೇಹ ಸಡಿಲವಾಗಿರುವಾಗ ಭಯ ಅದರ ಜತೆಗೇ ನಿಲ್ಲಲಾರದು. ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸಿ, ಭಯದ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಕ್ಕೆ ಮನಸ್ಸಿನಲ್ಲೇ ಹತ್ತಿ, ಪ್ರತಿ ಮೆಟ್ಟಿಲಿಗೂ 0ಯಿಂದ 100ರ ಒಳಗೆ ಅಂಕ ಕೊಡಬೇಕು. ಆರಾಮಕುರ್ಚಿಯಲ್ಲಿ ನನ್ನ ಅಂಕ 20ಕ್ಕೆ ಇಳಿಯಿತು. ಮನೆಗೆ ಬಂದು ಸುರಂಗದ ಬಾಯಲ್ಲಿ ನಿಂತರೆ ಮತ್ತೆ 80! ಸಡಿಲಿಕೆ ಇಲ್ಲದಿದ್ದರೂ ಈ ಚಿಕಿತ್ಸೆ ಫಲ ಕೊಡುತ್ತದೆ, ನಿಜವಾಗಿ ಕೆಲಸ ಮಾಡುವುದು ಭಯದ ವಸ್ತುವಿಗೆ ಎದುರಾಗುವುದೇ ಎಂಬುದು ನಂತರದ ಸಂಶೋಧಕರು ಕಂಡುಕೊಂಡ ವಿಷಯ. ಅದೂ ಕಲ್ಪನೆಗಿಂತ ಪ್ರತ್ಯಕ್ಷವಾಗಿ ಎದುರಾದರೆ ಹೆಚ್ಚು ಪ್ರಯೋಜನ.

ಹಾಗಾಗಿ ಎರಡನೆಯ ಹಂತ ಮನೆಯಲ್ಲೇ ನಡೆಯಿತು. ಮಳೆಗಾಲದಲ್ಲಿ ಕುಸಿಯಬಹುದಾದ ಸುರಂಗಕ್ಕೆ ಹೆದರುವುದು ರೋಗವಲ್ಲ, ವಿವೇಕ. ಆದ್ದರಿಂದ ಬೇಸಗೆಯನ್ನು ಆರಿಸಿ, ಅನುಭವಸ್ಥರಾದ ಆಳೊಬ್ಬರನ್ನು ಮೊದಲು ಒಳಗೆ ಕಳಿಸಿ ಪರೀಕ್ಷಿಸಿಯೇ ಆರಂಭಿಸಿದೆವು. ನಾನು ಮೂರು ಟಾರ್ಚು ಹಿಡಿದು ಹೊರಟಿದ್ದೆ. ಮನಶ್ಶಾಸ್ತ್ರಜ್ಞೆ ಫೋನಿನಲ್ಲಿ, "ಒಂದು ಬೆಳಕಿಗೆ, ಉಳಿದೆರಡು ಭಯಕ್ಕೆ, ಆ ಎರಡನ್ನು ಹೊರಗಿಡಿ" ಎಂದರು. ಹನ್ನೆರಡು ಅಡಿ ಒಳಗೆ ಕುಕ್ಕರುಗಾಲಿನಲ್ಲಿ ಕುಳಿತೆ. ಕುತ್ತಿಗೆಗೆ ಒಂದು ಹನಿ, ಎಣಿಸಿ ಹತ್ತಾಗುವಷ್ಟರಲ್ಲಿ ಇನ್ನೊಂದು ಹನಿ. ಹೊರಗೆ ಕುಳಿತ ತಮ್ಮ ಐದೈದು ನಿಮಿಷಕ್ಕೆ "ಅಣ್ಣಾ, ಎಷ್ಟು?" ಎಂದು ಕೂಗುತ್ತಿದ್ದ. ಎಂಬತ್ತೈದು, ಎಂಬತ್ತೈದು, ಎಪ್ಪತ್ತು. ನಲವತ್ತನೆಯ ನಿಮಿಷಕ್ಕೆ ನಾನು ಮೂವತ್ತು ಎಂದಾಗ ಅವನಿಗೆ ಬೇಜಾರು ಬಂದು ಚಹಾ ಕುಡಿಯಲು ಹೋಗಿಯಾಗಿತ್ತು. ಹೀಗೆ ಆರು ವಾರ ಹಿಡಿಯಿತು. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ರೂಪಿಸಿದ ಒಂದೇ ಬೈಠಕ್ಕಿನ ಚಿಕಿತ್ಸೆಯಲ್ಲಿ ಹೆಚ್ಚೆಂದರೆ ಮೂರು ಗಂಟೆಯಲ್ಲಿ, ಚಿಕಿತ್ಸಕ ತಾನೇ ಮೊದಲು ಮಾಡಿ ತೋರಿಸುತ್ತ, ಮೆಟ್ಟಿಲುಗಳನ್ನೆಲ್ಲ ಹತ್ತಿಸುತ್ತಾರೆ. ಜೇಡ, ನಾಯಿಯಂಥ ಭಯಗಳಿಗೆ ಅದು ಒಳ್ಳೆಯದಿರಬಹುದು. ಮಂಗಳೂರಿನ ಆಕೆಯನ್ನು ಪೆರ್ಲದ ಸುರಂಗಕ್ಕೆ ಇಳಿಸುವುದು ಹೇಗೆ?

ಗೆದ್ದ ಹುಮ್ಮಸ್ಸಿನಲ್ಲಿ ನಾನೊಂದು ತಪ್ಪು ಮಾಡಿದೆ. ತಮ್ಮನಿಗೆ ರಕ್ತ, ಸೂಜಿ ಕಂಡರೆ ಆಗದು. ರಕ್ತಪರೀಕ್ಷೆಗೆ ಹೊರಟವನಿಗೆ ನನ್ನ ಸಡಿಲಿಕೆಯ ವಿದ್ಯೆಯನ್ನೇ ಕಲಿಸಿದೆ. ಅವನು ಶ್ರದ್ಧೆಯಿಂದ ಮೈಯೆಲ್ಲ ಸಡಿಲ ಬಿಟ್ಟು, ಸೂಜಿ ಚುಚ್ಚುವ ಮೊದಲೇ ಬೆಂಚಿನಿಂದ ಜಾರಿ ಬಿದ್ದ. ಬೇರೆ ಭೀತಿಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರುತ್ತವೆ; ರಕ್ತದ ಭೀತಿಯಲ್ಲಿ ಅವು ಕ್ಷಣಕಾಲ ಏರಿ, ನಂತರ ಥಟ್ಟನೆ ಕುಸಿಯುವುದರಿಂದ ತಲೆ ತಿರುಗುತ್ತದೆ. ಅಂಥವನಿಗೆ ಸಡಿಲಿಕೆ ಹೇಳುವುದೆಂದರೆ ಇಳಿಜಾರಿನಲ್ಲಿದ್ದವನನ್ನು ದೂಡಿದ ಹಾಗೆ. ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕಾಗಿಯೇ ತದ್ವಿರುದ್ಧವಾದ ಅಭ್ಯಾಸವೊಂದನ್ನು ರೂಪಿಸಿದರು: ಕೈ, ಕಾಲು, ಎದೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿದು, 20-30 ಸೆಕೆಂಡು ಮಾಮೂಲು ಸ್ಥಿತಿಗೆ ಬಿಟ್ಟು, ಮತ್ತೆ ಬಿಗಿಹಿಡಿಯುವುದು, ಹೀಗೆ ಐದು ಸಲ. ಬಿಗಿತದಿಂದ ರಕ್ತದೊತ್ತಡ ಏರಿ, ತಲೆ ತಿರುಗುವುದು ತಪ್ಪುತ್ತದೆ.

ತಮ್ಮ ಇದನ್ನು ಎರಡು ವಾರ ಚಾವಡಿಯಲ್ಲಿ ಕುಳಿತು ಕಲಿತ. ಮುಂದಿನ ಸಲ ಲ್ಯಾಬಿನಲ್ಲಿ ಅವನು ಹಲ್ಲು ಕಚ್ಚಿ ಕುಳಿತ ಪರಿ ನೋಡಿ ನರ್ಸ್ ಗಾಬರಿಯಾಗಿ, "ಕೈ ಸಡಿಲ ಬಿಡಿ, ಇಲ್ಲದಿದ್ದರೆ ನರ ಸಿಗುವುದಿಲ್ಲ" ಎಂದರು. ಅವನು ಎಡಗೈಯೊಂದನ್ನು ಸಡಿಲ ಬಿಟ್ಟು, ಬಲಮುಷ್ಟಿಯನ್ನೂ ಎರಡೂ ತೊಡೆಗಳನ್ನೂ ಇನ್ನಷ್ಟು ಬಿಗಿದ. ಸಿರಿಂಜು ತುಂಬಿದ್ದನ್ನು ಅವನೇ ನೋಡಿದ. ಕಣ್ಣು ಮುಚ್ಚಿದ್ದವನು ನಾನು.