ಕೋಡ್ ಬರೆಯುವವರಿಗೂ ಮನೆ ಬಾಡಿಗೆ ಇರುತ್ತದೆ

2014ರ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ನೆನಪಿದೆಯಾ? ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್‌ನಲ್ಲಿ: ಇಂಟರ್‌ನೆಟ್‌ನಲ್ಲಿ ಓಡಾಡುವ ಮಾಹಿತಿಯನ್ನು ಗುಟ್ಟಾಗಿಡುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ಬ್ಯಾಂಕ್, ಇಮೇಲ್ ಸೈಟುಗಳೆಲ್ಲ ನಂಬಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಆಗ ಪೂರ್ತಿ ಸಮಯ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ದೋಷ ಸುದ್ದಿಯಾದ ಮೇಲೆ ದೊಡ್ಡ ಕಂಪನಿಗಳು ಮುಕ್ತ ತಂತ್ರಾಂಶಗಳಿಗೆ ಬೆಂಬಲ ಕೊಡುವ ಲಿನಕ್ಸ್ ಫೌಂಡೇಶನ್ ಸಂಸ್ಥೆಯ ಮೂಲಕ ದುಡ್ಡು ಹಾಕಿದವು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. 2024ರಲ್ಲಿ ಫೈಲ್ ಕುಗ್ಗಿಸುವ ಮುಕ್ತ ತಂತ್ರಾಂಶ ಎಕ್ಸ್‌ಝಡ್‌ನಲ್ಲೂ ಹೆಚ್ಚುಕಮ್ಮಿ ಅದೇ ಕಥೆ. ಸಂಬಳವಿಲ್ಲದೆ ಒಬ್ಬರೇ ದಣಿದು ನೋಡಿಕೊಳ್ಳುತ್ತಿದ್ದ ಪ್ರಾಜೆಕ್ಟ್ ಅದು. ಸಹಾಯದ ನೆಪದಲ್ಲಿ ಯಾರೋ ಒಳಗೆ ಬಂದು ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, ಇಟ್ಟುಬಿಟ್ಟರು.

ಅದೇ ವರ್ಷ ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾ, ಮುಕ್ತ ತಂತ್ರಾಂಶಗಳಿಗೆ ಅನುದಾನ ಕೊಡುವ ಫ್ಲಾಸ್ ಫಂಡ್ ಶುರು ಮಾಡಿ, ವರ್ಷಕ್ಕೆ 10 ಲಕ್ಷ ಡಾಲರ್ ಎತ್ತಿಟ್ಟಾಗ ನಿಜಕ್ಕೂ ಖುಷಿಯಾಯಿತು. ಆದರೆ ಅನುದಾನವೊಂದೇ ಸಾಲದು ಅನ್ನಿಸುತ್ತದೆ. ಹೊಸ ಫೀಚರ್‌ಗೆ ದುಡ್ಡು ಕೊಡುವವರು ಹೇಗೋ ಸಿಗುತ್ತಾರೆ. ಹಳೆ ಬಗ್ ಸರಿಮಾಡುವವರಿಗೆ, ರಾತ್ರಿ ಕೂತು ಬೇರೆಯವರು ಕಳಿಸಿದ ಪ್ಯಾಚ್ (ಕೋಡ್ ತಿದ್ದುಪಡಿ) ಸಾಲುಸಾಲಾಗಿ ಓದುವವರಿಗೆ ತಿಂಗಳ ಸಂಬಳ ಬೇಕು. ಆ ಕೋಡ್‌ನಿಂದ ಲಾಭ ಮಾಡುವ ಕಂಪನಿಗಳೇ ಅದನ್ನು ಕೊಡಬೇಕಲ್ವಾ?

ನಮ್ಮ ಆಫೀಸಿನಲ್ಲಿ ಈಗ ಬಜೆಟ್ ಮಾತುಕತೆ ನಡೆಯುತ್ತಿದೆ. ನಾವು ಬಳಸುವ ಇಂಥ ಮುಕ್ತ ಕೋಡ್ ಲೈಬ್ರರಿಗಳ ಪಟ್ಟಿ ಮಾಡಿ ಇವತ್ತು ಕಳಿಸಿದ್ದೇನೆ. ಬಜೆಟ್‌ನಲ್ಲಿ ಕ್ಲೌಡ್ ಬಿಲ್ ಪಕ್ಕದಲ್ಲಿ ಅವನ್ನು ನೋಡಿಕೊಳ್ಳುವವರಿಗೂ ಒಂದು ಸಾಲು ಇರಲಿ, ಪ್ರತಿ ವರ್ಷ ಇರಲಿ ಅಂತ ಕೇಳಿದ್ದೇನೆ.