ಜೇಬಿನಲ್ಲಿ ಉಳಿದ ಹೂಗಳು

ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ಕಾಲಯಂತ್ರದ ಕಾದಂಬರಿಯಲ್ಲಿ ಪಯಣಿಗ ಎಂಟು ಲಕ್ಷ ವರ್ಷಗಳಾಚೆ ಹೋಗಿ ಬಂದು ಸ್ನೇಹಿತರಿಗೆ ಕಥೆ ಹೇಳುತ್ತಾನೆ. ನಡುವೆ ಒಮ್ಮೆ ಮಾತು ನಿಲ್ಲಿಸಿ, ಜೇಬಿಗೆ ಕೈ ಹಾಕಿ, ಬಾಡಿದ ಎರಡು ಬಿಳಿ ಹೂಗಳನ್ನು ಮೇಜಿನ ಮೇಲಿಡುತ್ತಾನೆ. ಅಲ್ಲಿ ಅವನ ಜೊತೆಗಿದ್ದ ವೀನಾ ಎಂಬ ಪುಟ್ಟ ಜೀವ ಆಟಕ್ಕೆಂದು ಜೇಬಿಗೆ ತುರುಕಿದ ಹೂಗಳವು.

ಹುಡುಗನಾಗಿದ್ದಾಗ ಓದಿದ್ದೆ. ಆಗ ಹೂವು ಕಣ್ಣಿಗೇ ಬೀಳಲಿಲ್ಲ, ನನ್ನ ಗಮನವೆಲ್ಲ ಯಂತ್ರದ ಸನ್ನೆಕೋಲುಗಳ ಮೇಲಿತ್ತು. ಅಪ್ಪ ತೀರಿಕೊಂಡ ವರ್ಷ ಮತ್ತೆ ಓದಿದೆ. ಆ ಸಾಲಿಗೆ ಬಂದವನು ಪುಸ್ತಕ ಮಡಚಿಟ್ಟೆ.

ನನ್ನ ಮೊಬೈಲ್‌ನಲ್ಲಿ ಅಪ್ಪನ ಹನ್ನೊಂದು ಸೆಕೆಂಡಿನ ಧ್ವನಿ ಸಂದೇಶವಿದೆ. "ವಿಶೇಷ ಏನಿಲ್ಲ, ಸುಮ್ಮನೆ ಮಾಡಿದೆ. ಬಿಡುವಾದಾಗ ಮಾತಾಡು." ಆ ಸಂಜೆ ನನಗೆ ಬಿಡುವಿತ್ತು. ಆದರೂ ಎರಡು ದಿನ ಬಿಟ್ಟು ಕರೆ ಮಾಡಿದೆ. ಏನು ಮಾತಾಡಿದೆವೋ ನೆನಪಿಲ್ಲ. ಅದಾದ ಮೇಲೂ ಅವರು ನಾಲ್ಕು ತಿಂಗಳು ಇದ್ದರು, ಹಾಗಾಗಿ ಆ ಕರೆಯಿಂದ ಬದಲಾಗಬೇಕಾದದ್ದು ಏನೂ ಇರಲಿಲ್ಲ. ನನಗೆ ಬೇಕಾಗಿರುವುದೂ ಅಷ್ಟೇ: ಆ ಸಂಜೆಗೆ ಹೋಗಿ ಫೋನ್ ಎತ್ತುವುದು.

ಮುಂದಕ್ಕೆ ಹೋಗುವ ಕಥೆಗಳು ನಮ್ಮಲ್ಲಿ ಹಳೆಯವು. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಾಯನ ನಡೆದಿರುತ್ತದೆ, ಮುಗಿಯಲೆಂದು ತುಸು ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದಿರುತ್ತವೆ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಿರಲಿ, ಅವರ ಮರಿಮಕ್ಕಳ ಹೆಸರೂ ಉಳಿದಿಲ್ಲ. ವಿಜ್ಞಾನವೂ ಈ ದಿಕ್ಕಿಗೆ ಒಂದು ಕಿಂಡಿ ಬಿಟ್ಟಿದೆ. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು ತಂದಾಗ, ಅವು ನೆಲದ ಗಡಿಯಾರಕ್ಕಿಂತ ನ್ಯಾನೋಸೆಕೆಂಡುಗಳಷ್ಟು ಬೇರೆಯಾಗಿದ್ದವು, ಎಂದರೆ ಅವುಗಳಿಗೆ ಕಾಲ ತುಸು ಬೇರೆ ಗತಿಯಲ್ಲಿ ಸರಿದಿತ್ತು. ನಾಳೆಗೆ ಸಂದಿಯಷ್ಟಾದರೂ ದಾರಿಯಿದೆ. ನಿನ್ನೆಗೆ ಹೋಗಿ ಬಂದವರಿಲ್ಲ. ಓದುಗನ ಕೈ ಮಾತ್ರ ಆ ಮುಚ್ಚಿದ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಹಿಂದಕ್ಕೆ ಹೋಗಿ ಅಜ್ಜನನ್ನು ಕೊಂದರೆ ಮೊಮ್ಮಗ ಹುಟ್ಟುವುದು ಹೇಗೆ ಎಂಬ ಲೆಕ್ಕದಲ್ಲೇ ಮುಳುಗುವ ಕಥೆಗಳು ನನಗೆ ಒಗ್ಗುವುದಿಲ್ಲ. ಪಯಣಿಗ ಯಾರದೋ ಮನೆಯ ಬಾಗಿಲಲ್ಲಿ ನಿಂತಿರಬೇಕು. ಒಳಗೆ ತಾಯಿ ಮಗಳ ತಲೆ ಬಾಚುತ್ತಿರಬೇಕು. ಮುಂದೇನೆಂದು ಅವನೊಬ್ಬನಿಗೇ ಗೊತ್ತಿರಬೇಕು. ಬಾಚಣಿಗೆ ಸಿಕ್ಕಿನಲ್ಲಿ ನಿಂತದ್ದು, ಮಗಳು ಮುಖ ಸಿಂಡರಿಸಿದ್ದು, ಎಲ್ಲವೂ ಅವನಿಗೆ ದೊಡ್ಡದಾಗಿ ಕಾಣುತ್ತದೆ. ಮೆಚ್ಚಿದ ಕಾದಂಬರಿಯನ್ನು ಎರಡನೆಯ ಸಲ ಓದುವಾಗ ನಾವೂ ಅದೇ ಬಾಗಿಲಲ್ಲಿ ನಿಂತಿರುತ್ತೇವೆ. ನಲವತ್ತನೆಯ ಪುಟದಲ್ಲಿ ನಗುವ ಮಗುವಿಗೆ ಇನ್ನೂರನೆಯ ಪುಟ ಗೊತ್ತಿಲ್ಲ, ನಮಗೆ ಗೊತ್ತು.

ಅಪ್ಪನ ಸಂದೇಶವನ್ನು ಈಚೆಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಫ್ಯಾನಿನ ಸದ್ದಿನ ಹಿಂದೆ, ದೂರದಿಂದ ಅಮ್ಮ ಏನೋ ಕೇಳುತ್ತಾಳೆ. ಅಪ್ಪ ಫೋನಿನಿಂದ ಮುಖ ತಿರುಗಿಸಿ "ಬಂದೆ" ಎನ್ನುತ್ತಾರೆ. ಅಲ್ಲಿಗೆ ಹನ್ನೊಂದು ಸೆಕೆಂಡು ಮುಗಿಯುತ್ತದೆ.